ಕತ್ತರಿ ಹಿಡಿದವನ ಮೇಲೊಂದು ಅನುಮಾನ

"ಯಾರ್ರೀ ನೀವು? ನನ್ನ ಸಿನಿಮಾ ಮುಟ್ಟೋಕೆ ನಿಮಗೆ ಹೇಳಿದ್ದು ಯಾರು?"

ಎಡಿಟಿಂಗ್ ಕೋಣೆಯ ಬಾಗಿಲಲ್ಲೇ ನಿಂತು ಅವಳು ಗುಡುಗಿದಳು. ಕುರ್ಚಿಯಲ್ಲಿದ್ದವನು ಬೆಚ್ಚಲಿಲ್ಲ. ಓಡುತ್ತಿದ್ದ ದೃಶ್ಯವನ್ನು ನಿಲ್ಲಿಸಿ, ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡು ನಿಧಾನವಾಗಿ ತಿರುಗಿದ.

"ನಿಮ್ಮ ಮಾವ," ಎಂದ.

ಅವಳ ಎದೆಯಲ್ಲಿ ಅನುಮಾನ ಹೊತ್ತಿಕೊಳ್ಳಲು ಅಷ್ಟೇ ಸಾಕಾಯಿತು!

ಅದು ಅವಳ ನಿರ್ದೇಶನದ ಮೊದಲ ಸಿನಿಮಾ. ಬರೀ ನಗಿಸುವ ಕಥೆ. ನಿರ್ಮಾಪಕರು ಇದೇ ಮಾವ, ಅಮ್ಮನ ಅಣ್ಣ. "ಜನರನ್ನ ಅಳಿಸಬಹುದು ಪುಟ್ಟಿ, ನಗಿಸೋದು ಕಷ್ಟ," ಎಂದು ಗೊಣಗುತ್ತಲೇ ಒಪ್ಪಿದ್ದರು. ಒಂದು ಷರತ್ತೂ ಹಾಕಿದ್ದರು. ಚಿತ್ರಮಂದಿರದ ಮಾಲೀಕರಿಗಾಗಿ ಎರಡು ಪ್ರದರ್ಶನ. ಅವರು ನಗದಿದ್ದರೆ ಸಿನಿಮಾ ಬೇರೆ ನಿರ್ದೇಶಕರ ಕೈಗೆ.

ಅವಳು ನಂಬಿದ್ದ ಹಿರಿಯ ಎಡಿಟರ್ ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದರು. ಮಾವ ಅವಳನ್ನು ಒಂದು ಮಾತೂ ಕೇಳದೆ ಇವನನ್ನು ಕರೆಸಿದ್ದರು.

'ನನ್ನ ಮೇಲೆ ಕಣ್ಣಿಡೋಕೇ ಕಳಿಸಿದ್ದಾರೆ...' ಎಂದುಕೊಂಡು ಅವಳು ಪಕ್ಕದ ಕುರ್ಚಿ ಎಳೆದು ಕುಳಿತಳು.

"ಏನು ಮಾಡಿದ್ದೀರಿ? ತೋರಿಸಿ."

ಅವನು ತೋರಿಸಿದ. ಬಡ ಕುಟುಂಬವೊಂದನ್ನು ಮನೆ ಬಿಡಿಸಲು ಬಿಳಿ ಬಟ್ಟೆ ತೊಟ್ಟ ಮನೆ ಮಾಲೀಕ ಠೀವಿಯಿಂದ ಬರುವ ದೃಶ್ಯ. ಅಂಗಳದಲ್ಲೊಂದು ಬೆಂಚು. ಅಜ್ಜಿ ಅದಕ್ಕೆ ಆಗಷ್ಟೇ ಹಸಿರು ಬಣ್ಣ ಬಳಿದಿದ್ದಾಳೆ. ಮಾಲೀಕ ಅದರ ಮೇಲೆ ಕೂರಲು ಬಾಗುತ್ತಾನೆ. ಎಚ್ಚರಿಸಲು ಅಜ್ಜಿ ಬಾಯಿ ತೆರೆಯುತ್ತಾಳೆ...

ತಟ್ಟನೆ ದೃಶ್ಯ ಬದಲಾಯಿತು. ಬೀದಿಯಲ್ಲಿ ಮಾಲೀಕ ಎದೆಯುಬ್ಬಿಸಿ ನಡೆದು ಹೋಗುತ್ತಿದ್ದಾನೆ. ನಮಗೆ ಕಾಣುವುದು ಅವನ ಬೆನ್ನು. ಬಿಳಿ ಬಟ್ಟೆಯ ಮೇಲೆ ಅಚ್ಚೊತ್ತಿದ ಹಸಿರು ಪಟ್ಟೆಗಳು!

ಅವಳು ಕಿಸಕ್ಕನೆ ನಕ್ಕುಬಿಟ್ಟಳು. ಮರುಕ್ಷಣವೇ ನಕ್ಕಿದ್ದಕ್ಕೆ ಸಿಟ್ಟು ಬಂತು.

"ಅವನು ಕೂರೋ ಶಾಟ್ ಎಲ್ಲಿ? ಅಂಟಿಕೊಂಡು ಒದ್ದಾಡೋದು? ಅದಕ್ಕೆ ಇಡೀ ದಿನ ಬಿಸಿಲಲ್ಲಿ ಸತ್ತಿದ್ದೀವಿ ನಾವು!"

"ಚೆನ್ನಾಗೇ ತೆಗೆದಿದ್ದೀರಿ ಮೇಡಂ. ಆದ್ರೆ ಅದನ್ನ ತೋರಿಸಿದ್ರೆ ಜನ ನೋಡ್ತಾರೆ. ಬಿಟ್ಟರೆ ತಾವೇ ಊಹಿಸ್ಕೊಳ್ತಾರೆ. ಒದ್ದಾಟ ಮುಗಿಯೋ ಹೊತ್ತಿಗೆ ನಗು ತಣ್ಣಗಾಗಿರುತ್ತೆ. ಆಮೇಲೆ ಬೀದಿಯಲ್ಲಿ ಅವನ ಬೆನ್ನು ತೋರಿಸಿ ಏನು ಪ್ರಯೋಜನ?"

ಅವನ ದನಿಯಲ್ಲಿ ಜಂಬವಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಅನುಮಾನ ತಂದಿತು. 'ಇಷ್ಟು ಮೆತ್ತಗೆ ಮಾತಾಡೋವನನ್ನ ನಂಬಬಾರದು!'

ಆದರೂ ದಿನಗಳು ಕಳೆದಂತೆ ಆ ಕಿರಿದಾದ ಕೋಣೆ ಅವಳಿಗೆ ಒಗ್ಗಿಹೋಯಿತು. ಜಗಳವಾಡುತ್ತಲೇ ಇಬ್ಬರೂ ಕೆಲಸ ಮಾಡಿದರು. ಒಂದು ಮಾತು ಮುಗಿದ ಮೇಲೆ ರೆಪ್ಪೆ ಮಿಟುಕಿಸುವಷ್ಟು ಹೊತ್ತು ಹೆಚ್ಚು ಕಾದರೆ ಅದೇ ಮಾತು ನಗಿಸುತ್ತಿತ್ತು, ಅವಸರಪಟ್ಟರೆ ಸಪ್ಪೆಯಾಗುತ್ತಿತ್ತು. ಅವಳು ನಕ್ಕಾಗ ಅವನು ಪರದೆ ನೋಡುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ.

"ನನ್ನ ಮುಖದಲ್ಲೇನಿದೆ?"

"ನಗು ಎಲ್ಲಿ ಶುರುವಾಗುತ್ತೆ ಅಂತ ನೋಡ್ತಿದ್ದೆ... ಕೆಲಸಕ್ಕೆ," ಎಂದು ಅವನು ತಡವರಿಸಿದ.

ಅವಳ ಕಿವಿ ಬೆಚ್ಚಗಾಯಿತು. 'ಕೆಲಸಕ್ಕಂತೆ... ಕೆಲಸಕ್ಕೆ!'

ಆದರೆ ಒಂದು ಬೆಳಗ್ಗೆ ಮಾವ ಫೋನ್ ಮಾಡಿದರು. "ಏನು ಪುಟ್ಟಿ, ಆಸ್ಪತ್ರೆ ಸೀನ್ ಪೂರ್ತಿ ಕಿತ್ತು ಹಾಕ್ತಿದ್ದೀರಂತೆ?"

ಆ ಮಾತು ನಡೆದದ್ದು ಹಿಂದಿನ ದಿನ, ಬಾಗಿಲು ಮುಚ್ಚಿದ ಕೋಣೆಯಲ್ಲಿ. ಅಲ್ಲಿದ್ದವರು ಅವರಿಬ್ಬರೇ!

ಅಂದಿನಿಂದ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅವನ ಫೋನ್ ಬಡಿದುಕೊಂಡಾಗಲೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ. ಮುಖ ಗಂಟಿಕ್ಕಿಕೊಂಡು ಬರುತ್ತಿದ್ದ. ಕೇಳಿದರೆ "ಏನಿಲ್ಲ ಬಿಡಿ" ಅಷ್ಟೇ.

ಒಮ್ಮೆ ಅವನು ಚಹಾ ತರಲು ಹೋಗಿದ್ದಾಗ ಮೇಜಿನ ಮೇಲಿದ್ದ ಅವನ ಫೋನ್ ಬೆಳಗಿತು. ಪರದೆಯ ಮೇಲೆ ಮಾವನ ಹೆಸರು!

ಚಹಾದೊಂದಿಗೆ ಬಂದವನ ಮುಂದೆ ಅವಳು ಫೋನ್ ಹಿಡಿದಳು.

"ಇದೇನು?"

ಅವನು ಕಪ್ಪುಗಳನ್ನು ಮೇಜಿನ ಮೇಲಿಟ್ಟ. "ಕರೆ ಮಾಡ್ತಾರೆ. ನಿಜ."

"ನಾವಿಲ್ಲಿ ಮಾತಾಡಿದ್ದೆಲ್ಲ ಅವರ ಕಿವಿಗೆ ಹೇಗೆ ಬೀಳುತ್ತೆ?"

"ಗೊತ್ತಿಲ್ಲ. ನಾನಂತೂ ಹೇಳಿಲ್ಲ."

"ಹಾಗಾದ್ರೆ ಫೋನಲ್ಲಿ ಏನು ಮಾತಾಡ್ತೀರಿ?"

ಅವನು ಬಾಯಿ ತೆರೆದ. ಆದರೆ ಏನೋ ನೆನೆದು ಸುಮ್ಮನಾದ.

"ಸಾಕು! ನಾಳೆಯಿಂದ ನೀವು ಬರಬೇಡಿ. ನನ್ನ ಸಿನಿಮಾ ನಾನೇ ಮುಗಿಸ್ಕೊಳ್ತೀನಿ."

ಅವನು ವಾದಿಸಲಿಲ್ಲ. ಬಾಗಿಲ ಬಳಿ ಮಾತ್ರ ಒಂದು ಕ್ಷಣ ನಿಂತ. "ಕೂರೋ ಶಾಟ್ ಮಾತ್ರ ವಾಪಸ್ ಹಾಕಬೇಡಿ ಮೇಡಂ... ದಯವಿಟ್ಟು."

ಅವಳು ಹಟಕ್ಕೆ ಬಿದ್ದು ಅದನ್ನೇ ಮೊದಲು ವಾಪಸ್ ಹಾಕಿದಳು! ಹಾಕುವಾಗ ಅಳು ಏಕೆ ಬಂತೋ, ಅವಳಿಗೇ ತಿಳಿಯಲಿಲ್ಲ.

ಮೊದಲ ಪ್ರದರ್ಶನದ ದಿನ ಬೆಳಗ್ಗೆ ಅವಳು ಕೊನೆಯ ಸಾಲಿನಲ್ಲಿ ಉಗುರು ಕಚ್ಚುತ್ತ ಕುಳಿತಿದ್ದಳು. ಪರದೆಯಲ್ಲಿ ಮನೆ ಮಾಲೀಕ ಬೆಂಚಿನ ಮೇಲೆ ಕುಳಿತ. ಅಂಟಿಕೊಂಡ. ಒದ್ದಾಡಿದ. ಒಬ್ಬಿಬ್ಬರು ನಕ್ಕರು. ಅವನು ಇನ್ನೂ ಒದ್ದಾಡುತ್ತಲೇ ಇದ್ದ. ಯಾರೋ ಕೆಮ್ಮಿದರು. ಯಾರೋ ಫೋನ್ ತೆಗೆದರು. ಹಸಿರು ಪಟ್ಟೆಯ ಬೆನ್ನು ಬೀದಿಗಿಳಿದಾಗ ಸಭಾಂಗಣ ಪೂರ್ತಿ ನಿಶ್ಶಬ್ದವಾಗಿತ್ತು.

'ಅವನು ಹೇಳಿದ್ದೇ ಆಯ್ತಲ್ಲ...'

ಹೊರಗೆ ಮೊಗಸಾಲೆಯಲ್ಲಿ ಮಾವ ತಲೆ ಹಿಡಿದುಕೊಂಡಿದ್ದರು. "ಸಂಜೆಗೆ ಇನ್ನೊಂದು ಪ್ರದರ್ಶನ ಇದೆ. ಅಷ್ಟರೊಳಗೆ ಆ ಹುಡುಗನ್ನ ಕರೆಸೇ ತಾಯಿ!"

"ಯಾಕೆ, ನಿಮ್ಮ ಗೂಢಚಾರ ಇಲ್ದೆ ನಿಮಗೆ ಸುದ್ದಿ ಸಿಗ್ತಿಲ್ವಾ?"

"ಗೂಢಚಾರನಾ? ಅವನಾ?" ಮಾವ ಕಣ್ಣರಳಿಸಿದರು. "ದಿನಾ ಫೋನ್ ಮಾಡಿ ಬಾಯಿ ನೋಯಿಸ್ಕೊಂಡೆ ಕಣೇ! 'ಅವಳನ್ನ ಬಿಟ್ಟು ನೀನೇ ಮುಗಿಸು, ನನ್ನ ಮುಂದಿನ ಸಿನಿಮಾ ನಿಂದೇ' ಅಂತ ಆಸೆ ತೋರಿಸಿದೆ. 'ಇದು ಅವರ ಸಿನಿಮಾ ಸಾರ್, ಅವರಿಲ್ದೆ ನಾನು ಮುಟ್ಟಲ್ಲ' ಅಂದುಬಿಟ್ಟ ಆಸಾಮಿ. ಒಂದು ಸುದ್ದಿ ಬಾಯಿ ಬಿಡಲಿಲ್ಲ."

"ಹಾಗಾದ್ರೆ ಆಸ್ಪತ್ರೆ ಸೀನ್ ವಿಷಯ..."

"ನಿಮ್ಮಮ್ಮ ಹೇಳಿದ್ದು! ಊಟಕ್ಕೆ ಕೂತಾಗ ನೀನು ಅವಳ ಹತ್ರ ಎಲ್ಲಾ ಒದರ್ತೀಯ. ನೀನು ಕೈ ತೊಳೆಯೋಷ್ಟರಲ್ಲಿ ಅವಳು ನನಗೆ ಫೋನ್ ಮಾಡಿರ್ತಾಳೆ. 'ಅಣ್ಣಾ, ಮಗು ಏನೋ ಎಡವಟ್ಟು ಮಾಡ್ಕೊಳ್ತಿದೆ, ಸ್ವಲ್ಪ ನೋಡು' ಅಂತ."

ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅನುಮಾನ ಪಡಬೇಕಾದವರನ್ನೆಲ್ಲ ಬಿಟ್ಟು, ತನ್ನ ಪರವಾಗಿ ನಿಂತಿದ್ದ ಒಬ್ಬನನ್ನೇ ಹೊರಗಟ್ಟಿದ್ದಳಲ್ಲ!

ಅವನ ಮನೆಯ ಮೆಟ್ಟಿಲನ್ನು ಅವಳು ಓಡುತ್ತ ಹತ್ತಿದಳು. ಬಾಗಿಲು ತೆರೆದವನ ಮುಖದಲ್ಲಿ ಸಿಟ್ಟಿರಲಿಲ್ಲ. ನಿದ್ದೆಗೆಟ್ಟ ಕಣ್ಣುಗಳಿದ್ದವು.

"ಮಾವ ಎಲ್ಲಾ ಹೇಳಿದ್ರು," ಅವಳು ಏದುಸಿರು ಬಿಡುತ್ತ ಹೇಳಿದಳು. "ನೀವ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನಾಗ್ತಿತ್ತು? 'ಮಾವನೇ ನನ್ನ ನಂಬಲ್ಲ' ಅಂತ ನೊಂದ್ಕೋತಿದ್ರಿ. ಆ ಮನಸ್ಸಿಟ್ಕೊಂಡು ನಗಿಸೋ ಸಿನಿಮಾ ಮುಗಿಸೋಕೆ ಆಗ್ತಿತ್ತಾ?"

ಅವಳ ಕಣ್ಣು ತುಂಬಿತು. "ತಪ್ಪಾಯ್ತು ರೀ..."

"ಅಳೋದು ಆಮೇಲೆ. ಸಂಜೆ ಪ್ರದರ್ಶನಕ್ಕೆ ಎಷ್ಟು ಹೊತ್ತಿದೆ?" ಎನ್ನುತ್ತ ಅವನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

ಮತ್ತೆ ಅದೇ ಕಿರಿದಾದ ಕೋಣೆ. ಕೂರುವ ಶಾಟನ್ನು ಅವಳೇ ಕಿತ್ತು ಹಾಕಿದಳು. ಅಜ್ಜಿ ಬಾಯಿ ತೆರೆಯುತ್ತಿದ್ದಂತೆ ಅವನು ಎಂದಿನಂತೆ ಕತ್ತರಿಸಲು ಹೋದ.

"ಬೇಡ, ತಡೀರಿ!" ಅವಳು ಅವನ ಕೈ ಹಿಡಿದಳು. "ಅಜ್ಜಿ ಬಾಯಿ ಮುಚ್ಚಲಿ. ಅವಳು ಹೇಳಬೇಕು ಅಂತ ಬಾಯಿ ತೆಗೀತಾಳೆ. ಆಮೇಲೆ ಮನೆ ಬಿಡಿಸೋಕೆ ಬಂದಿರೋನು ಅಂತ ನೆನಪಾಗಿ ಹಾಗೇ ಮುಚ್ಕೋತಾಳೆ. ಅದನ್ನೂ ತೋರಿಸಿ."

ಅವನು ಹಾಗೇ ಮಾಡಿ ನೋಡಿದ. ಅಜ್ಜಿಯ ಬಾಯಿ ಮೆಲ್ಲಗೆ ಮುಚ್ಚಿತು. ಮುಖದಲ್ಲಿ ಏನೂ ಅರಿಯದ ಮುಗ್ಧತೆ. ಆಮೇಲೆ, ಬೀದಿ. ಹಸಿರು ಪಟ್ಟೆ.

ಆ ಕೋಣೆಯಲ್ಲಿ ಅವನು ಜೋರಾಗಿ ನಕ್ಕಿದ್ದು ಅದೇ ಮೊದಲು! ಕಣ್ಣೊರೆಸಿಕೊಳ್ಳುತ್ತ, "ಇಷ್ಟು ದಿನ ನಾನು ಅವಸರಪಟ್ಟುಬಿಟ್ಟಿದ್ದೆ," ಎಂದ. "ನೀವು ಹೇಳಿದ್ದೇ ಸರಿ."

ಹಿಡಿದ ಕೈಯನ್ನು ಇಬ್ಬರೂ ಬಿಡಲು ಮರೆತಿದ್ದರು...

ಸಂಜೆ, ಅಜ್ಜಿ ಬಾಯಿ ಮುಚ್ಚಿಕೊಂಡ ಕೂಡಲೇ ಒಂದು ಮೂಲೆಯಿಂದ ನಗು ಎದ್ದಿತು. ಬೀದಿಯಲ್ಲಿ ಆ ಬೆನ್ನು ಕಂಡಾಗ ಸಭಾಂಗಣವೇ ಗೊಳ್ಳೆಂದಿತು. ಬಿಗಿದ ಮುಖದ ಹಿರಿಯ ಚಿತ್ರಮಂದಿರ ಮಾಲೀಕರೊಬ್ಬರು ಮುಂದಿನ ಕುರ್ಚಿಯನ್ನು ಬಡಿಬಡಿದು ನಕ್ಕರು. ಮಾವ ಹಿಂತಿರುಗಿ ಅವಳತ್ತ ನೋಡಿ, ಸೋತೆ ಎನ್ನುವಂತೆ ಎರಡೂ ಕೈ ಎತ್ತಿದರು.

ಅವರಿಬ್ಬರೂ ಕತ್ತಲಲ್ಲಿ ಹಿಂಬಾಗಿಲ ಬಳಿ ನಿಂತಿದ್ದರು. ಅವಳು ಪರದೆಯ ಕಡೆ ನೋಡುತ್ತಿರಲಿಲ್ಲ.

"ಎಲ್ಲರೂ ನಗ್ತಿದ್ದಾರೆ. ನೀವ್ಯಾಕೆ ಸಪ್ಪಗಿದ್ದೀರಿ?" ಅವನು ಪಿಸುಗುಟ್ಟಿದ.

"ಭಯ."

"ಇನ್ನೂ ಭಯನಾ?"

"ಇದು ಬೇರೆ. ಸಿನಿಮಾ ಮುಗೀತು. ನೀವು ಹೊರಟುಹೋಗ್ತೀರಲ್ಲ..."

ಅವನು ಅವಳತ್ತ ತಿರುಗಿದ. "ನಿಮ್ಮ ನಗು ನೋಡ್ತಿದ್ದದ್ದು ಕೆಲಸಕ್ಕಲ್ಲ. ಆವತ್ತು ಹೇಳೋಕೆ ಧೈರ್ಯ ಬರಲಿಲ್ಲ. ನಾನೆಲ್ಲಿಗೂ ಹೋಗಲ್ಲ."

"ನಿಜವಾಗ್ಲೂ?"

"ಮತ್ತೆ ಅನುಮಾನನಾ?"

"ಇಲ್ಲ..." ಅವಳು ಕಣ್ಣೀರಿನಲ್ಲೇ ನಕ್ಕಳು. "ಇನ್ನೊಂದು ಸಲ ಕೇಳ್ಬೇಕು ಅನ್ನಿಸ್ತು, ಅಷ್ಟೇ."

ಅವನು ಅವಳ ಕಿವಿಯ ಹತ್ತಿರ ಬಾಗಿದ.

"ಹೋಗಲ್ಲ ಕಣೇ."