ಎಂಟನೆಯ ಬೋಲ್ಟು

ಸತ್ತವರ ದುಃಖಕ್ಕೆ ಕಾಲವೇ ಮದ್ದು ಎನ್ನುತ್ತಾರೆ. ಸುಳ್ಳು ಮಾಡಿದ ಗಾಯಕ್ಕೆ ಮಾತ್ರ ಆ ಮದ್ದೂ ಹತ್ತುವುದಿಲ್ಲ. ಮೇಸ್ತ್ರಿಯ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ತಣ್ಣಗೆ ಬಿದ್ದಿರುವ ಅಡುಗೆಮನೆ, ಒಂದೇ ತಟ್ಟೆ, ಒಂದೇ ಲೋಟ, ಇವಕ್ಕೆಲ್ಲ ಅವನು ಹೇಗೋ ಒಗ್ಗಿಕೊಂಡಿದ್ದ. ಒಗ್ಗದೆ ಉಳಿದದ್ದು ಅವಳ ಅಣ್ಣ ಹೆಣದ ಪಕ್ಕದಲ್ಲಿ ನಿಂತು ನಾಲ್ಕು ಜನರ ಮುಂದೆ ಆಡಿದ ಒಂದು ಮಾತು: “ಮೇಸ್ತ್ರಿ ನಟ್ಟು ಸರಿಯಾಗಿ ಬಿಗಿದಿರಲಿಲ್ಲ.”

ನಡೆದದ್ದೇ ಬೇರೆ. ಆ ಭಾವನ ಹತ್ತಿರ ಹಳೆಯ ಕಾಲದ ಒಂದು ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಹಣ್ಣುಮೆಣಸಿನಕಾಯಿಯ ಬಣ್ಣ. ಮೇಸ್ತ್ರಿಯ ಹೆಂಡತಿ ಅದನ್ನು ಕೆಂಪಿ ಎಂದು ಕರೆಯುತ್ತಿದ್ದಳು. ಅದರ ಶಾಕ್ ಅಬ್ಸಾರ್ಬರುಗಳು ಎಣ್ಣೆ ಕಾರಿ ಸತ್ತುಹೋಗಿವೆ, ಸ್ಪ್ರಿಂಗು ಕುಸಿದಿದೆ, ಎರಡನ್ನೂ ಬದಲಾಯಿಸುವ ತನಕ ರಸ್ತೆಗೆ ಇಳಿಸಬೇಡಿ ಎಂದು, ಚಕ್ರ ಬಿಚ್ಚಿ ನೋಡಿ ಮತ್ತೆ ಜೋಡಿಸಿದ ಮೇಸ್ತ್ರಿ ಹೇಳಿದ್ದ, ಅದೂ ಮೂರು ಸಲ. ಆದರೆ ಭಾವನಿಗೆ ಊರವರು ಇಟ್ಟ ಹೆಸರೇ ಗಾಳಿರಾಯ. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಒಂದೇ ಒಂದು ಸುತ್ತು’ ಎಂದು ಹೊರಟ. ಕಲ್ಲುಗಣಿಯ ಇಳಿಜಾರಿನ ತಿರುವಿನಲ್ಲಿ ಗಾಡಿ ಚೆಂಡಿನ ಹಾಗೆ ಪುಟಿಯಿತು. ಗೋಡೆಗೆ ಅಪ್ಪಳಿಸಿದ್ದು ಅವಳು ಕೂತಿದ್ದ ಮಗ್ಗುಲು.

ಮುಂಭಾಗ ನಜ್ಜುಗುಜ್ಜಾಗಿ, ಯಾವ ನಟ್ಟು ಮೊದಲೇ ಸಡಿಲವಿತ್ತು, ಯಾವುದು ಬಡಿತಕ್ಕೆ ಕಿತ್ತುಬಂತು ಎಂದು ಹೇಳುವುದಕ್ಕೆ ದೇವರೇ ಬರಬೇಕಿತ್ತು. ದೇವರು ಸಾಕ್ಷಿ ಹೇಳಲು ಬರಲಿಲ್ಲ. ಗಾಳಿರಾಯ ಹೇಳಿದ್ದೇ ನಿಂತಿತು. ಅತ್ತೆ ಮಗನ ಮಾತನ್ನು ನಂಬಿದರು. ಅಂದಿನಿಂದ ಅಳಿಯ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಕೆಲಸವೇನೋ ಬರುತ್ತಿತ್ತು. ಆದರೆ ಗಾಡಿ ಒಯ್ಯುವವರು ಹೋಗುವ ಮುಂಚೆ ಚಕ್ರದ ಹತ್ತಿರ ಒಂದು ಗಳಿಗೆ ಬಗ್ಗಿ ನೋಡಿಯೇ ಹೋಗುತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮೂವತ್ತೊಂದು ವರ್ಷ ನಟ್ಟು ಬಿಗಿಯುವ ಪಾನ ಹಿಡಿದ ಕೈ ಅದು. ಆ ಬಗ್ಗಿದ ಬೆನ್ನುಗಳನ್ನು ನೋಡಿ ನೋಡಿ ಮೇಸ್ತ್ರಿಗೆ ಸಿಟ್ಟು ಕೂಡ ಸವೆದುಹೋಗಿತ್ತು. ಉಳಿದದ್ದು ಬರೀ ಆಯಾಸ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಭಾವನೇ ಕೆಂಪಿಯನ್ನು ತಂದು ವರ್ಕ್‌ಶಾಪಿನ ಬಾಗಿಲಲ್ಲಿ ನಿಲ್ಲಿಸಿದ. ತಗಡಿನ ಕೆಲಸ, ಬಣ್ಣ, ಎಲ್ಲ ಬೇರೆ ಕಡೆ ಮಾಡಿಸಿದ್ದ. ಡಿಕ್ಕಿಯಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ಮೇಣದ ಕಾಗದದಲ್ಲಿ ಸುತ್ತಿದ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು, ರಬ್ಬರ್ ಬುಶ್ಶು.

“ಮೇಸ್ತ್ರಿ, ಇದನ್ನ ಮುಟ್ಟೋಕೆ ಬೇರೆ ಯಾರಿಗೂ ಬರಲ್ಲ. ಸಾಮಾನೆಲ್ಲ ತರಿಸಿದೀನಿ, ಹಾಕ್ಕೊಡು.” ತಂಗಿ ಇದ್ದಾಗ ‘ಭಾವ, ಬನ್ನಿ’ ಎನ್ನುತ್ತಿದ್ದ ಬಾಯಿ. ಅವಳ ಜೊತೆಗೆ ಆ ನಂಟೂ ಬಹುವಚನವೂ ಹೋಗಿದ್ದವು.

“ನನ್ನ ಕೈ ಮೇಲೆ ನಂಬಿಕೆ ಇದೆಯಾ ಭಾವ?”

“ಹಳೇದೆಲ್ಲ ಯಾಕೆ ಕೆದಕ್ತೀಯ? ನಾನು ಯಾವತ್ತೋ ನಿನ್ನ ಕ್ಷಮಿಸಿಬಿಟ್ಟಿದೀನಿ.”

ಎದುರಿನ ಟೈರಂಗಡಿಯ ಅಜ್ಜ ಪಂಕ್ಚರ್ ತೊಟ್ಟಿಯಿಂದ ತಲೆಯೆತ್ತಿದ. “ಮನಸ್ಸು ಅಂದ್ರೆ ಹೀಗಿರಬೇಕು ನೋಡು ಮೇಸ್ತ್ರಿ! ನಾನಾಗಿದ್ರೆ ನಿನ್ನ ಅಂಗಡಿ ನೆರಳೂ ತುಳೀತಿರಲಿಲ್ಲ.”

“ನೀನು ನಿನ್ನ ಟ್ಯೂಬಲ್ಲಿ ಗುಳ್ಳೆ ಎಲ್ಲಿ ಬರುತ್ತೆ ನೋಡ್ಕೊ ಅಜ್ಜ,” ಎಂದ ಮೇಸ್ತ್ರಿ. ದನಿ ಎಂದಿನಂತೆ ಮೆತ್ತಗೇ ಇತ್ತು. ಆದರೆ ‘ಕ್ಷಮಿಸಿಬಿಟ್ಟಿದೀನಿ’ ಎಂಬ ಮಾತು ಒಳಗೆ ಬಿದ್ದ ಗಳಿಗೆಯಲ್ಲೇ, ಬಾವಿಗೆ ಬಿಟ್ಟ ಕೊಡ ತುಂಬಿಕೊಂಡು ಮೇಲೆ ಬರುವ ಹಾಗೆ, ಉಪಾಯ ಇಡಿಯಾಗಿ ಮೇಲೆ ಬಂದಿತ್ತು.

ಅದರಲ್ಲಿ ಅವಸರವಿರಲಿಲ್ಲ, ದ್ವೇಷದ ಕಾವೂ ಇರಲಿಲ್ಲ. ಒಂದೊಂದಾಗಿ ಜೋಡಿಸಿ ನೋಡಿದ. ಲೋಕದ ಕಣ್ಣಿಗೆ ತಪ್ಪು ಮಾಡಿದವನು ಮೇಸ್ತ್ರಿ, ನೊಂದವನು ಭಾವ; ನೊಂದವನೇ ಕ್ಷಮಿಸಿ ಕೆಲಸ ಕೊಟ್ಟಿದ್ದಾನೆ. ಹಾಗಿರುವಾಗ ಕೊಲ್ಲುವ ಮನಸ್ಸು ಮೇಸ್ತ್ರಿಗೆ ಇದ್ದೀತು ಎಂದು ಯಾರು ತಾನೆ ಊಹಿಸಿಯಾರು? ಭಾವ ಕೈಗೆ ಸಿಕ್ಕ ಗಾಡಿ ಹತ್ತಿ ಪ್ರತಿ ಭಾನುವಾರ ಬೆಳಿಗ್ಗೆ ಕಲ್ಲುಗಣಿಯ ಇಳಿಜಾರಿಗೆ ಹೋಗುತ್ತಾನೆ, ಒಬ್ಬನೇ ಹೋಗುತ್ತಾನೆ. ಆ ಸಾವಿನ ನಂತರ ಅವನ ಪಕ್ಕದಲ್ಲಿ ಕೂರುವ ಧೈರ್ಯ ಯಾರಿಗೂ ಇಲ್ಲ. ಬೇರೆ ಜೀವಕ್ಕೆ ಅಪಾಯವಿಲ್ಲ. ಇನ್ನು ಮುಖ್ಯವಾದದ್ದು. ಹೊಸ ಸ್ಪ್ರಿಂಗು ಹಾಕಿದ ಗಾಡಿ ಮುನ್ನೂರು ಕಿಲೋಮೀಟರ್ ಓಡುವಷ್ಟರಲ್ಲಿ ತನ್ನ ಭಾರಕ್ಕೆ ತಾನು ಕೂತುಕೊಳ್ಳುತ್ತದೆ. ಕೂತುಕೊಳ್ಳುವಾಗ ನಟ್ಟುಗಳು ಸ್ವಲ್ಪ ಸ್ವಲ್ಪ ಸಡಿಲವಾಗುವುದುಂಟು. ಅದಕ್ಕೇ ಎಲ್ಲವನ್ನೂ ಮತ್ತೊಮ್ಮೆ ಬಿಗಿಸಿಕೊಳ್ಳಬೇಕು ಎಂಬುದು ಈ ಕಸುಬಿನ ಎಲ್ಲರಿಗೂ ತಿಳಿದ ಪಾಠ. ಮೇಸ್ತ್ರಿ ಅದನ್ನು ಬಾಯಿಬಿಟ್ಟು ಹೇಳುತ್ತಾನೆ, ಬರೆದು ಕೊಡುತ್ತಾನೆ, ಸಹಿ ಹಾಕಿಸಿಕೊಳ್ಳುತ್ತಾನೆ. ಗಾಳಿರಾಯ ಹುಟ್ಟಿದ ಮೇಲೆ ಯಾವ ಕೆಲಸಕ್ಕೂ ಎರಡನೆಯ ಸಲ ಬಂದವನಲ್ಲ, ಬರುವುದಿಲ್ಲ. ಆಮೇಲೆ ಸಿಕ್ಕುವುದು ಒಂದು ಮುರಿದ ಗಾಡಿ, ಒಂದು ಸಹಿ ಹಾಕಿದ ಚೀಟಿ, ‘ಅಷ್ಟು ಹೇಳಿದ್ರೂ ಕೇಳಲಿಲ್ಲ’ ಎಂಬ ಒಂದು ನಿಟ್ಟುಸಿರು. ಮೂರು ವರ್ಷದ ಹಿಂದಿನ ಸತ್ಯವನ್ನೇ ಸ್ವಲ್ಪ ತಡವಾಗಿ ಮತ್ತೆ ನಡೆಸಿ ತೋರಿಸಿದಂತೆ.

ಕೆಲಸ ಎರಡು ದಿನ ಹಿಡಿಯಿತು. ಜಾಕಿ ಕೊಟ್ಟು ಎತ್ತಿದ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ, ಚಕ್ರ ಬಿಚ್ಚಿದ. ಹಳೆಯ ಶಾಕ್ ಅಬ್ಸಾರ್ಬರನ್ನು ಕೈಯಲ್ಲಿ ಒತ್ತಿದರೆ ಎದುರು ಉತ್ತರವೇ ಇಲ್ಲ. ಒಳಗೆ ಹೋಗಿ ಅಲ್ಲೇ ಉಳಿಯಿತು, ಮಾತು ಬಿಟ್ಟ ಮುದುಕನ ಹಾಗೆ. ಸ್ಪ್ರಿಂಗು ತೆಗೆಯುವಾಗ ಮಾತ್ರ ಉಸಿರು ಹಿಡಿಯಬೇಕು. ಕ್ಲಾಂಪು ಹಾಕಿ ಸುರುಳಿ ಸುರುಳಿಯಾಗಿ ಒತ್ತಿ ಹಿಡಿದ ಸ್ಪ್ರಿಂಗು ತಪ್ಪಿ ಬಿಚ್ಚಿಕೊಂಡರೆ ದವಡೆ ಹಾರಿಸಿಕೊಂಡು ಹೋಗುತ್ತದೆ. ಎಷ್ಟು ವರ್ಷ ಒತ್ತಿಟ್ಟರೂ ಅದರ ಸಿಟ್ಟು ಅದರಲ್ಲೇ ಇರುತ್ತದಲ್ಲ ಎಂದುಕೊಂಡ ಮೇಸ್ತ್ರಿ. ಮನುಷ್ಯನ ಕಬ್ಬಿಣ ಅಷ್ಟು ಗಟ್ಟಿಯಲ್ಲ. ಮೊಣಕಾಲು ನೋಯುತ್ತಿತ್ತು, ಭುಜ ನೋಯುತ್ತಿತ್ತು. ಅವಳಿದ್ದರೆ ಸಂಜೆ ಬಿಸಿನೀರು ಕಾಯಿಸಿಡುತ್ತಿದ್ದಳು.

ಮುಂದಿನ ಎರಡು ಚಕ್ರಗಳನ್ನು ಹಿಡಿದು ನಿಲ್ಲಿಸುವ ತೋಳುಗಳಿಗೆ ಒಟ್ಟು ಎಂಟು ಬೋಲ್ಟು. ಅವನ್ನು ಚಕ್ರ ಗಾಳಿಯಲ್ಲಿ ತೂಗುವಾಗ ಬಿಗಿಯಬಾರದು. ಗಾಡಿಯನ್ನು ಇಳಿಸಿ, ತನ್ನ ಭಾರದಲ್ಲಿ ತಾನು ನಿಂತ ಮೇಲೆಯೇ ಬಿಗಿಯಬೇಕು. ಮಂಗಳವಾರ ಮಧ್ಯಾಹ್ನ ಮೇಸ್ತ್ರಿ ಗಾಡಿಯನ್ನು, ಅಡಿಯಲ್ಲಿ ನಿಂತು ಕೆಲಸ ಮಾಡಲು ನೆಲದಲ್ಲಿ ತೋಡಿದ್ದ ಗುಂಡಿಯ ಮೇಲೆ ತಂದು ನಿಲ್ಲಿಸಿ, ಕೆಳಗಿಳಿದು, ಕೊನೆಯ ಬಿಗಿತ ಶುರು ಮಾಡಿದ. ಮೊದಲಿನ ಏಳನ್ನು ತನ್ನ ಗುರುವಿಗೆ ತೋರಿಸುವ ಹಾಗೆ ಬಿಗಿದ. ಎಂಟನೆಯದು ಬಲಗಡೆಯ ಕೆಳತೋಳಿನದು. ಅದರ ನಟ್ಟನ್ನು ಮೂರು ಸುತ್ತು ಬಾಕಿಯಿರುವಂತೆ ಬಿಡಬೇಕು. ಪ್ರತಿ ಹಳ್ಳಕ್ಕೂ ಬೋಲ್ಟು ತನ್ನ ತೂತಿನಲ್ಲಿ ಗುದ್ದಾಡುತ್ತದೆ, ನಟ್ಟು ಎಳೆ ಎಳೆಯಾಗಿ ಹಿಂದೆ ಸರಿದು ಎಲ್ಲೋ ರಸ್ತೆಯಲ್ಲಿ ಉದುರುತ್ತದೆ, ಕೊನೆಗೆ ಇಳಿಜಾರಿನ ತಿರುವಿನಲ್ಲಿ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಉದುರಿದ ನಟ್ಟಿಗೆ ಬಾಯಿಲ್ಲ.

ಆಗಲೇ ಗುಂಡಿಯ ಅಂಚಿನಲ್ಲಿ ಎರಡು ಹೊಳೆಯುವ ಬೂಟು ಬಂದು ನಿಂತವು.

“ಇನ್ನೂ ಎಷ್ಟೊತ್ತು ಮೇಸ್ತ್ರಿ?”

“ಆಯ್ತು ಭಾವ. ಒಂದೇ ಬೋಲ್ಟು ಉಳಿದಿದೆ.”

ಬೂಟುಗಳು ಒಮ್ಮೆ ಅತ್ತ ನಡೆದು ಇತ್ತ ಬಂದವು. “ಆವತ್ತು...” ಎಂದ ಭಾವ. ದನಿ ಸ್ವಲ್ಪ ತಗ್ಗಿತ್ತು. “ಆವತ್ತು ಅವಳೂ ಇಲ್ಲೇ ಈ ಕಟ್ಟೆ ಮೇಲೆ ಕೂತಿದ್ಲಲ್ವಾ. ನೀನು ಬೇಡ ಬೇಡ ಅಂತಿದ್ದೆ.”

ಮೇಸ್ತ್ರಿಯ ಪಾನ ನಟ್ಟಿನ ಮೇಲೆ ಹಾಗೇ ನಿಂತಿತು. ಇನ್ನೊಂದು ಮಾತು ಬಂದುಬಿಡಲಿ, ಭಗವಂತಾ. ‘ತಪ್ಪು ನಂದೇ’ ಎಂದುಬಿಡಲಿ. ಆ ಎರಡು ಪದ ಕಿವಿಗೆ ಬಿದ್ದರೆ ಈ ಮೂರು ಸುತ್ತನ್ನು ಈಗಲೇ ಬಿಗಿದುಬಿಡುತ್ತೇನೆ, ನಿನ್ನಾಣೆ. ಉಸಿರು ಬಿಗಿಹಿಡಿದು ಕಾದ.

“ಹೋಗ್ಲಿ ಬಿಡು,” ಎಂದಿತು ಮೇಲಿನ ದನಿ. “ಹಣೇಲಿ ಬರೆದಿದ್ದು. ಈ ಸಲನಾದ್ರೂ ಸರಿಯಾಗಿ ಬಿಗಿ.”

ಮೇಸ್ತ್ರಿ ಪಾನ ತೆಗೆದ. ಕಣ್ಣು ಮಂಜಾಗಿತ್ತು. ಗುಂಡಿಯೊಳಗಿನ ಉಳಿದ ಕೆಲಸವನ್ನು ಕೈಗಳೇ ಮುಗಿಸಿದವು. ಮೇಲೆ ಬಂದಾಗ ಏನು ಮುಗಿಸಿದೆನೆಂದು ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಟೈರಂಗಡಿಯ ಅಜ್ಜನಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಿದ: “ಭಾವ, ಮುನ್ನೂರು ಕಿಲೋಮೀಟರಿಗೆ ಮತ್ತೆ ಬರ್ಲೇಬೇಕು. ಎಲ್ಲಾ ನಟ್ಟೂ ಇನ್ನೊಂದ್ಸಲ ಬಿಗೀಬೇಕು. ಅಲ್ಲಿವರೆಗೆ ನಿಧಾನ. ಇಲ್ಲಿ ಬರೆದಿದೀನಿ, ಸಹಿ ಹಾಕಿ.”

“ಅಜ್ಜೀರು ಮಾತ್ರೆ ಕೊಟ್ಟು ಹೇಳೋ ಹಾಗೆ ಹೇಳ್ತೀಯಲ್ಲ!” ನಗುತ್ತಲೇ ಗೀಚಿದ ಭಾವ. ಚೀಟಿಯ ಒಂದು ಪ್ರತಿ ಅವನ ಜೇಬಿಗೆ, ಇನ್ನೊಂದು ಮೇಸ್ತ್ರಿಯ ಪುಸ್ತಕಕ್ಕೆ.

ಆಮೇಲೆ ಮೇಸ್ತ್ರಿ ಎರಡು ಸಲ ಫೋನು ಮಾಡಿದ. “ಬರ್ತೀನಿ, ಬರ್ತೀನಿ,” ಎಂದಿತು ಆ ಕಡೆ. ಬರಲಿಲ್ಲ. ಮೊದಲ ಭಾನುವಾರ ಏನೂ ಆಗಲಿಲ್ಲ. ಎರಡನೆಯ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಕಲ್ಲುಗಣಿಯ ತಿರುವಿನಲ್ಲಿ ಕೆಂಪಿ ಅದೇ ಗೋಡೆಗೆ ಹೋಗಿ ಬಡಿಯಿತು. ಈ ಸಲ ಬಲ ಮಗ್ಗುಲು. ಗಾಳಿರಾಯನ ಉಸಿರು ಅಲ್ಲೇ ನಿಂತಿತು.

ಸುದ್ದಿ ಕೇಳಿದಾಗ ಮೇಸ್ತ್ರಿಗೆ ಸಂತೋಷವಾಗಲಿಲ್ಲ. ಬಹಳ ದೂರ ಹೊತ್ತ ಮೂಟೆಯನ್ನು ಇಳಿಸಿದವನಿಗೆ ಭುಜ ಮೊದಲು ಹಗುರವಾಗುವುದಿಲ್ಲ, ನೋಯುತ್ತದೆ. ಆದರೆ ಮಾರನೆಯ ದಿನ, ಅವನು ನೆನೆಸದೇ ಇದ್ದ ಒಂದು ಸಂಗತಿ ನಡೆಯಿತು. ಅತ್ತೆ ರಸ್ತೆ ದಾಟಿ ಈಚೆ ಬದಿಗೆ ಬಂದರು. ಕೈಯಲ್ಲಿ ಮಗನ ಜೇಬಿನಲ್ಲಿ ಸಿಕ್ಕ ಚೀಟಿ.

“ಇಷ್ಟು ಬರೆದು ಕೊಟ್ಟಿದ್ದೀಯಲ್ಲಪ್ಪ,” ಎಂದರು. “ಫೋನೂ ಮಾಡಿದ್ದೆಯಂತೆ. ಅವನಿಗೆ ಯಾರು ಹೇಳಿದ್ರೂ ಅಷ್ಟೇ, ಹೆತ್ತೋಳು ನಂಗೊತ್ತಿಲ್ವಾ... ಆವತ್ತೂ ಹೀಗೇ ಆಗಿರಬೇಕು. ನಿನ್ನ ತಲೆ ಮೇಲೆ ಹೊರಿಸಿಬಿಟ್ವಲ್ಲೋ ಮಗನೇ.” ಸೆರಗು ಬಾಯಿಗೊತ್ತಿಕೊಂಡು ಕಟ್ಟೆಯ ಮೇಲೆ, ಮಗಳು ಕೂರುತ್ತಿದ್ದ ಜಾಗದಲ್ಲೇ ಕುಸಿದು ಕೂತರು.

ಮೇಸ್ತ್ರಿ ಒಳಗಿನಿಂದ ಒಂದು ಲೋಟ ನೀರು ತಂದು ಅವರ ಕೈಗಿಟ್ಟ. ಮೂರು ವರ್ಷ ನಿಜವನ್ನು ಹಿಡಿದುಕೊಂಡು ಅಲೆದಾಗ ಸಿಗದ ಮಾನ, ಒಂದು ಸುಳ್ಳು ಚೀಟಿಗೆ ಮನೆ ಬಾಗಿಲಿಗೆ ಬಂದು ಅಳುತ್ತಿತ್ತು. ಟೈರಂಗಡಿಯ ಅಜ್ಜ ಕೂಡ ಬಂದು, ತಲೆ ಕೆರೆಯುತ್ತ, “ನಾನೂ ಏನೇನೋ ಅಂದ್ಬಿಟ್ಟಿದ್ದೆ ಕಣೋ ಮೇಸ್ತ್ರಿ, ಮನಸ್ಸಲ್ಲಿ ಇಟ್ಕೋಬೇಡ,” ಎಂದು ಹೋದ. ಆ ರಾತ್ರಿ ಮೇಸ್ತ್ರಿ ಬಹಳ ದಿನಗಳ ಮೇಲೆ ಗಾಢವಾಗಿ ನಿದ್ದೆ ಹೋದ.

ಗುರುವಾರ ಬೆಳಿಗ್ಗೆ ಪೊಲೀಸ್ ಠಾಣೆಯ ಅಂಗಳಕ್ಕೆ ಬರಹೇಳಿದರು. ಅಪಘಾತವಾದ ಗಾಡಿಗಳನ್ನು ಪರೀಕ್ಷಿಸುವ ಅಧಿಕಾರಿ ಒಬ್ಬ ಹೆಂಗಸು. ಕನ್ನಡಕದ ಮೇಲೊಂದು ಕನ್ನಡಕ, ಕೈಯಲ್ಲಿ ಪುಟ್ಟ ಟಾರ್ಚು. ಮೇಸ್ತ್ರಿ ಪುಸ್ತಕ ಬಿಚ್ಚಿ ಸಹಿ ತೋರಿಸಿದ. ಆಕೆ ಪೂರ್ತಿ ಓದಿ, “ನಿಮ್ಮಷ್ಟು ಅಚ್ಚುಕಟ್ಟಾಗಿ ಯಾರೂ ಬರ್ಕೊಡಲ್ಲ ಮೇಸ್ತ್ರಿಗಳೇ,” ಎಂದರು.

“ನಟ್ಟುಗಳನ್ನೇ ನೋಡಿ ಮೇಡಂ,” ಎಂದ ಮೇಸ್ತ್ರಿ ತಾನಾಗಿಯೇ. “ಬಲಗಡೆದು ಸಡಿಲ ಆಗಿರಬೇಕು. ಸ್ಪ್ರಿಂಗು ಕೂರುವಾಗ ತಾನಾಗೇ ತಿರುಗಿಬಿಡುತ್ತೆ. ಅದಕ್ಕೇ ಬನ್ನಿ ಬನ್ನಿ ಅಂತ ಬಡ್ಕೊಂಡೆ.”

“ಸಡಿಲ ಇದೆ, ನಿಜ,” ಎಂದು ಆಕೆ ಒಂದು ಬಟ್ಟೆಯ ಗಂಟು ಬಿಚ್ಚಿದರು. ಬೋಲ್ಟು ನಡುವೆ ತುಂಡಾಗಿತ್ತು. ನಟ್ಟು ಮಾತ್ರ ಎಲ್ಲಿಯೂ ಉದುರಿರಲಿಲ್ಲ. ತನ್ನ ಅರ್ಧ ಬೋಲ್ಟಿನ ಮೇಲೆ, ಬೋಲ್ಟು ಹಾಯುವ ಬ್ರಾಕೆಟ್ಟಿನ ತುಂಡಿನಿಂದ ಮೂರು ಸುತ್ತು ಈಚೆಗೆ, ಹಾಗೇ ಅಂಟಿಕೊಂಡು ಕೂತಿತ್ತು. “ಆದ್ರೆ ಇದು ಆಮೇಲೆ ತಿರುಗಿ ಸಡಿಲ ಆಗಿದ್ದಲ್ಲ ಮೇಸ್ತ್ರಿಗಳೇ. ಈ ಹಳದಿ ಗೆರೆ ಎಳೆದಿದ್ದು ನೀವೇ ತಾನೇ?”

ಭಾವ ಆ ಸುಳ್ಳಾಡಿದ ಮಾರನೆಯ ದಿನ ಮೇಸ್ತ್ರಿ ಒಂದು ಡಬ್ಬಿ ಹಳದಿ ಬಣ್ಣ, ಒಂದು ಸಣ್ಣ ಬ್ರಶ್ಶು ತಂದಿದ್ದ. ಇನ್ನು ಯಾರೂ ತನ್ನ ಕೈಯನ್ನು ಅನುಮಾನಿಸಬಾರದೆಂದು, ಬಿಗಿದ ಪ್ರತಿಯೊಂದು ನಟ್ಟಿಗೂ, ಬೋಲ್ಟಿನ ತುದಿಯಿಂದ ನಟ್ಟಿನ ಮೇಲೆ ಹಾಯ್ದು ಪಕ್ಕದ ಕಬ್ಬಿಣ ಮುಟ್ಟುವ ಹಾಗೆ ಒಂದು ಗೆರೆ. ನಟ್ಟು ಆಮೇಲೆ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಹೇಳುತ್ತದೆ. ಮೂರು ವರ್ಷದಲ್ಲಿ ಅದು ಉಸಿರಾಟದಷ್ಟು ರೂಢಿಯಾಗಿ, ಎಳೆದೆನೆಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ. ಅಧಿಕಾರಿಣಿ ಟಾರ್ಚನ್ನು ಹತ್ತಿರ ಹಿಡಿದರು. ಗೆರೆ ಬೋಲ್ಟಿನ ತುದಿಯಿಂದ ಹೊರಟು, ನಟ್ಟನ್ನು ಹತ್ತಿ ಇಳಿದು, ನಟ್ಟಿಗೂ ಬ್ರಾಕೆಟ್ಟಿಗೂ ನಡುವಿನ ಸಂದಿಯಲ್ಲಿ ಬಿಚ್ಚಿ ಕಾಣುತ್ತಿದ್ದ ಬೋಲ್ಟಿನ ಸುರುಳಿಯ ಮೂರು ಎಳೆಗಳ ಮೇಲೂ ಹರಿದು ಒಣಗಿ, ಬ್ರಾಕೆಟ್ಟಿಗೆ ಹೋಗಿ ಸೇರಿತ್ತು. ಎಲ್ಲಿಯೂ ಒಂದಿಷ್ಟೂ ಮುರಿಯದೆ.