ಗೇಣಗಲದ ಕಾಲುವೆಯಲ್ಲಿ ಗೊರಸು

ಬಿ.ಜಿ. ಕೆರೆ ಊರಿನ ಜಂಪಣ್ಣನವರ ಹೊಲದಲ್ಲಿ ಪೈಪ್ ಹೂಳಲು, ಮಿನಿ ಟ್ರ್ಯಾಕ್ಟರಿಗೆ ಅಗೆಯುವ ಚೈನು ಜೋಡಿಸಿ ಗೇಣಗಲದ ಕಾಲುವೆ ತೋಡುತ್ತಿದ್ದೆ. ಸುಡುವ ಮಧ್ಯಾಹ್ನದಲ್ಲೂ ಹೊರಬಿದ್ದ ಮಣ್ಣು ಬಾವಿನೀರಿನಷ್ಟು ತಣ್ಣಗಿತ್ತು. ಇಂಜಿನ್ ನಿಲ್ಲಿಸಿದೆ. ನೆಲದೊಳಗೆ ದನದ ಹಿಂಡು ಸಾಗಿದಂತೆ ಕೊರಳಗಂಟೆಗಳ ಸದ್ದು ಕೇಳಿಸಿತು.

ಬಗ್ಗಿ ನೋಡಿದರೆ ಕಾಲುವೆಯ ತಳದುದ್ದಕ್ಕೂ ಹಸಿ ಗೊರಸಿನ ಗುರುತುಗಳು. ಅಷ್ಟು ಕಿರಿದಾದ ಜಾಗಕ್ಕೆ ಕರು ಕೂಡ ಇಳಿಯಲಾರದು.

"ಚಪ್ಪಲಿ ಬಿಡಪ್ಪಾ," ಎಂದರು ಪಕ್ಕದಲ್ಲೇ ನಿಂತಿದ್ದ ಜಂಪಣ್ಣ. "ದೇವರಿಗೆ ಬಿಟ್ಟ ಎತ್ತು ಹೋಗ್ಯಾವೆ."

"ಕೆಲಸ ನಿಲ್ಲಿಸ್ಲೇನ್ರಿ?"

"ಬ್ಯಾಡ. ಎಲ್ಲಿಗೆ ಹೋಗ್ಯಾವೋ ನೋಡಾನ."

ಬರಿಗಾಲಲ್ಲೇ ಟ್ರ್ಯಾಕ್ಟರ್ ಹತ್ತಿದೆ. ಹೆದರಿಕೆಯಾಗಲಿಲ್ಲ. ಮುಂದಿದ್ದದ್ದು ಯಾರೂ ಅಗೆಯದ ಗಟ್ಟಿ ನೆಲ. ಚೈನು ಆಗತಾನೆ ಸೀಳಿದ ತಳದಲ್ಲೂ ಅದೇ ಗೊರಸಿನ ಗುರುತುಗಳು, ನೀರು ತುಂಬಿಕೊಂಡು; ಎತ್ತುಗಳು ನಮಗಿಂತ ಮೊದಲೇ ನಡೆದುಹೋಗಿದ್ದವು.