ಎಡಗಡೆಯ ಗುಂಡು

ಸುಮಂಗಲಾ ಮತ್ತು ನಾನು ಮೊದಮೊದಲು ಮಾತಾಡಿದ್ದು ತೆಲುಗಿನಲ್ಲಿ. ಗಚ್ಚಿಬೌಲಿಯ ಆಚೆ ನಮ್ಮ ಡಾಮರು ಲ್ಯಾಬು. ಅವಳು ಕೆಮಿಸ್ಟ್, ನಾನು ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಓದುತ್ತಿದ್ದ ಟೆಕ್ನಿಷಿಯನ್. ತಪ್ಪಾದೀತೆಂಬ ಅಂಜಿಕೆಗೆ ಪ್ರತಿ ಮಾತನ್ನೂ ಮನಸ್ಸಿನಲ್ಲೊಮ್ಮೆ ಹೇಳಿಕೊಂಡೇ ಆಡುತ್ತಿದ್ದೆ.

ಒಂದು ದಿನ ಬಿಸಿ ಡಾಮರು ಅವಳ ಬೆರಳಿಗೆ ತಾಗಿತು.

“ಯವ್ವಾ, ಸುಟ್ಟೇಬಿಡ್ತು!”

“ಮೇಡಂ, ನೀವು ನಮ್ಮ ಕಡೆಯವರೇನ್ರಿ?”

“ಮೊದಲು ನೀರು ಹಾಕ್ರಿ, ಆಮ್ಯಾಲೆ ಊರು ಕೇಳ್ರಿ!” ನೋವಿನಲ್ಲೂ ನಕ್ಕಳು. “ಇಷ್ಟು ದಿನ ಆ ಹರಕು ತೆಲುಗು ಯಾಕ ಮಾತಾಡಿದ್ರಿ?”

“ನಿಮ್ದೇನು ಭಾಳ ಚಂದ ಇತ್ತೇನ್ರಿ?”

ಬೇಸಿಗೆಯಲ್ಲಿ ಲಾರಿ ಗಾಲಿಯ ಗುರುತು ಬೀಳದ, ಚಳಿಯಲ್ಲಿ ಬಿರುಕು ಬಿಡದ ರಸ್ತೆ ನಮಗೆ ಬೇಕಿತ್ತು. ಪಾಲಿಮರ್ ಬೆರೆಸಿದರೆ ಡಾಮರು ಬಿಸಿಲು ತಡೆಯುತ್ತಿತ್ತು, ಆದರೆ ಪೆಡಸಾಗುತ್ತಿತ್ತು. ಅದಕ್ಕೆ ಎಣ್ಣೆ ಸೇರಿಸುತ್ತಿದ್ದೆವು. ಬಂಡಿಯವನ ಹತ್ತಿರ ಮಿರ್ಚಿ ಕರಿದ ಎಣ್ಣೆಯನ್ನು ಅವಳು ತರಿಸಿದ ವಾರ, ಇಡೀ ಲ್ಯಾಬಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವು.

ಪ್ರತಿ ಮಿಶ್ರಣಕ್ಕೂ ಒಂದು ಪರೀಕ್ಷೆ. ಎರಡು ಹಿತ್ತಾಳೆಯ ರಿಂಗುಗಳಲ್ಲಿ ಡಾಮರು ತುಂಬಿ, ಮೇಲೆ ಒಂದೊಂದು ಉಕ್ಕಿನ ಗುಂಡು ಇಟ್ಟು, ಗಾಜಿನ ಪಾತ್ರೆಯ ನೀರಿನಲ್ಲಿ ನಿಧಾನಕ್ಕೆ ಕಾಯಿಸುವುದು. ಡಾಮರು ಮೆತ್ತಗಾಗಿ ಗುಂಡು ತಳ ಮುಟ್ಟಿದ ಕೂಡಲೇ ‘ಬಿತ್ತು’ ಎನ್ನಬೇಕು, ಆಗಿನ ಉಷ್ಣತೆ ಬರೆಯಬೇಕು. ಎಡಗಡೆಯದು ಅವಳದು, ಬಲಗಡೆಯದು ನನ್ನದು. ಎರಡರ ಅಂಕಿ ಹೊಂದದಿದ್ದರೆ ಮತ್ತೆ ಮೊದಲಿನಿಂದ. ಗಾಜಿನ ಆಚೆ ಅವಳ ಕಣ್ಣು. ಈಗಲೂ ಎಲ್ಲಾದರೂ ಡಾಮರು ಕಾಯುವ ವಾಸನೆ ಬಂದರೆ, ನೀರಿನಲ್ಲಿ ಅಲುಗುವ ಆ ಕಣ್ಣೇ ಕಾಣುತ್ತದೆ.

ಕೊನೆಯ ಮಿಶ್ರಣದ ದಿನ ಅವಳ ಬ್ಯಾಗು ಮೂಲೆಯಲ್ಲಿತ್ತು. ಮೈಸೂರಿನಲ್ಲಿ ಕೆಲಸ ಸಿಕ್ಕಿತ್ತು. ಫಲಿತಾಂಶ ಬರೆದಿಟ್ಟು, ಸಂಜೆ ಕಾಚಿಗೂಡದಲ್ಲಿ ರೈಲು ಹತ್ತುವವಳು.

ನಾನು ಸ್ವಲ್ಪ ತಡವಾಗಿ ‘ಬಿತ್ತು’ ಎಂದಿದ್ದರೆ ಸಾಕಿತ್ತು. ಪರೀಕ್ಷೆ ಮತ್ತೆ ಆಗುತ್ತಿತ್ತು, ರೈಲು ತಪ್ಪುತ್ತಿತ್ತು. ಆದರೆ ಆ ರಸ್ತೆಯ ಮೇಲೆ ಜನ ಓಡಾಡುವವರು. ಸುಳ್ಳು ಬರೆಸಲು ಮನಸ್ಸಾಗಲಿಲ್ಲ. ಇರಿ ಎನ್ನಲು ಬಾಯಿ ಬರಲಿಲ್ಲ.

ಎರಡು ಗುಂಡುಗಳೂ ಜೋತಾಡಿ ಒಟ್ಟಿಗೇ ತಳ ಮುಟ್ಟಿದವು.

“ಬಿತ್ತು,” ಎಂದೆ.

ಅವಳು ‘ಬಿತ್ತು’ ಎನ್ನಲಿಲ್ಲ. ಥರ್ಮಾಮೀಟರಿನ ಪಾದರಸ ಏರುತ್ತಲೇ ಇತ್ತು.

“ಮೇಡಂ, ನಿಮ್ದೂ ಬಿದ್ದೈತ್ರಿ.”

“ನನಗ ಕಾಣವಲ್ದು.”

“ತಳದಾಗ ಕೂತೈತಿ, ನೋಡ್ರಿ.”

“ಇನ್ನೂ ಬಿದ್ದಿಲ್ಲ ಅಂತೀನಲ್ರಿ.” ಅವಳು ಗುಂಡನ್ನು ನೋಡುತ್ತಲೇ ಇರಲಿಲ್ಲ; ನನ್ನನ್ನು ನೋಡುತ್ತಿದ್ದಳು. “ಮತ್ತೊಮ್ಮೆ ಮಾಡೋಣು.”

“ರೈಲು?”

“ಹೋಗ್ಲಿ ಬಿಡ್ರಿ.”

ನಾನು ಬರ್ನರ್ ಆರಿಸಿದೆ. “ಬ್ಯಾಡ್ರಿ. ಲೆಕ್ಕ ಸರಿ ಐತಿ, ಅದನ್ನ ಹಂಗ ಬರೀರಿ. ಹೋಗಬ್ಯಾಡ್ರಿ ಅಂತ ನಾನೇ ಕೇಳ್ತೀನಿ.”

“ಕೇಳ್ರಿ ಮತ್ತ.”

ಕೇಳಿದೆ. ಅವಳು ತಲೆ ಎತ್ತದೆ ಸರಿಯಾದ ಅಂಕಿಯನ್ನೇ ಬರೆದಳು. ಬರಹ ಮಾತ್ರ ಸೊಟ್ಟಗಾಗಿತ್ತು. ಆಮೇಲೆ ಮೊಬೈಲು ಕೈಗೆ ತೆಗೆದುಕೊಂಡಳು.

“ಮೈಸೂರಿನವರಿಗೆ ಬರಂಗಿಲ್ಲ ಅನ್ನಬೇಕಲ್ರಿ. ಹತ್ರ ಕೂಡ್ರಿ, ಅಂಜಿಕಿ ಆಗಾಕತ್ತೈತಿ.”

ನಾನು ಕುರ್ಚಿ ಎಳೆದು ಅವಳ ಎಡಕ್ಕೆ ಕೂತೆ.